ಆಕ್ಸ್‌ಫರ್ಡಿನ ಪಬ್ ಪರಿಕ್ರಮ: ಪ್ರಮಾಣ, ಪ್ರಮೇಯ ಮತ್ತು ಪೈಂಟು

ಶಾಸ್ತ್ರಗ್ರಂಥ ಎಂದಮೇಲೆ ಅದಕ್ಕೆ ನಾಲ್ಕು ಅನುಬಂಧಗಳು ಇರಲೇಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಈ ಗ್ರಂಥದ ವಿಷಯ, ಆಕ್ಸ್‌ಫರ್ಡ್ ನಗರದಲ್ಲಿ ಸಂಜೆಯಿಂದ ರಾತ್ರಿಯವರೆಗೆ ಒಂದು ಪಬ್ಬಿನಿಂದ ಇನ್ನೊಂದು ಪಬ್ಬಿಗೆ ಕಾಲ್ನಡಿಗೆಯಲ್ಲಿ ಸಾಗುವ ಕ್ರಿಯೆ. ಲೌಕಿಕರು ಇದನ್ನು ಪಬ್ ಕ್ರಾಲ್ ಎನ್ನುತ್ತಾರೆ. ಪ್ರಯೋಜನ ಏನೆಂದು ಕೇಳುವವರು ಈ ಪುಟ ತಿರುವಿ ಅಡುಗೆಯ ಅಂಕಣಕ್ಕೆ ಹೋಗಬಹುದು. ಸಂಬಂಧವೆಂದರೆ ಗ್ಲಾಸಿಗೂ ಬಿಯರಿಗೂ ಇರುವ ಆಧಾರ-ಆಧೇಯ ಭಾವ. ಅದು ನಿತ್ಯವಲ್ಲ, ಅರ್ಧ ಗಂಟೆಯೊಳಗೆ ಕಡಿದುಹೋಗುತ್ತದೆ.

ತೊಡಕಿರುವುದು ಅಧಿಕಾರಿಯ ವಿಚಾರದಲ್ಲಿ. ಇಂಗ್ಲೆಂಡಿನ ಕಾನೂನು 18 ತುಂಬಿದವರನ್ನೆಲ್ಲ ಅಧಿಕಾರಿಗಳೆಂದು ಒಪ್ಪುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಷ್ಟು ಉದಾರಿಯಾಗಿರಲಿಲ್ಲ. ನೂರು ವರ್ಷದ ಹಿಂದೆ ಅಲ್ಲಿನ ವಿದ್ಯಾರ್ಥಿಗೆ ಪಬ್ಬಿನ ಹೊಸ್ತಿಲು ನಿಷಿದ್ಧ. ಪ್ರಾಕ್ಟರ್ ಎಂಬ ಶಿಸ್ತಿನ ಅಧಿಕಾರಿ ರಾತ್ರಿ ಬೀದಿ ಸುತ್ತುತ್ತಿದ್ದ. ಬೆನ್ನಿಗೆ ಬೌಲರ್ ಟೋಪಿ ತೊಟ್ಟ ಕಾವಲುಗಾರರು. ಅವರನ್ನು ಊರೆಲ್ಲ ‘ಬುಲ್‌ಡಾಗ್’ ಎಂದೇ ಕರೆಯುತ್ತಿತ್ತು. ಸಿಕ್ಕಿಬಿದ್ದವನು ಹೆಸರು, ಕಾಲೇಜು ಹೇಳಿ ದಂಡ ಕಟ್ಟಬೇಕಿತ್ತು. ಬುಲ್‌ಡಾಗ್ ದಳ 2003ರಲ್ಲಿ ಬರಖಾಸ್ತಾಯಿತು. ಅಂದಿನಿಂದ ಪಬ್ ಪರಿಕ್ರಮದಲ್ಲಿ ಓಟದ ಅಂಗ ಲೋಪವಾಗಿ ಬರೀ ನಡಿಗೆ ಉಳಿದಿದೆ ಎಂಬುದು ಸಂಪ್ರದಾಯವಾದಿಗಳ ಕೊರಗು.

ಇನ್ನು ಪರಿಮಾಣ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್. ನಲ್ಲಿಯಿಂದ ಇಳಿಸುವ ಬಿಯರನ್ನು ಪೈಂಟು, ಅರ್ಧ, ಮೂರನೇ ಒಂದು, 2011ರಿಂದ ಈಚೆಗೆ ಮೂರನೇ ಎರಡು, ಹೀಗೆ ಗೊತ್ತಾದ ಅಳತೆಗಳಲ್ಲೇ ಮಾರಬೇಕು. ‘ಸುಮ್ಮನೆ ಒಂಚೂರು ಹಾಕಿ’ ಎಂಬ ನಮ್ಮ ದಾಕ್ಷಿಣ್ಯದ ಅಳತೆಗೆ ಅಲ್ಲಿ ಕಾನೂನಿನ ಮಾನ್ಯತೆ ಇಲ್ಲ. ಶೇಕಡಾ 4ರ ಬಿಯರ್ ಒಂದು ಪೈಂಟ್ ಇಳಿದರೆ ಸುಮಾರು 2.3 ಯೂನಿಟ್ ಮದ್ಯಸಾರ ಹೊಟ್ಟೆ ಸೇರುತ್ತದೆ. ಬ್ರಿಟನ್ನಿನ ವೈದ್ಯಾಧಿಕಾರಿಗಳು ವಾರಕ್ಕೆ ಹದಿನಾಲ್ಕು ಯೂನಿಟ್ ಮೀರಬೇಡಿ ಎನ್ನುತ್ತಾರೆ. ಆರು ಪಬ್ಬು, ಆರು ಪೈಂಟು ಎಂದು ಹೊರಟವನ ವಾರದ ಪಡಿತರ ಸೋಮವಾರ ರಾತ್ರಿಯೇ ಮುಗಿಯಿತು. ಯಕೃತ್ತು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ಟಿನಂತೆ ಕಡತ ವಿಲೇವಾರಿ ಮಾಡುವ ಗುಮಾಸ್ತ. ಲಂಚ ಕೊಟ್ಟರೂ ವೇಗ ಹೆಚ್ಚಿಸುವುದಿಲ್ಲ. ಆದ್ದರಿಂದ ವಿವೇಕಿಗಳಿಗೆ ಅರ್ಧ ಪೈಂಟೇ ವಿಹಿತ.

ಹೀಗೆ ಪೀಠಿಕೆ ಮುಗಿಸಿದ ಸಂಶೋಧಕ ಸೇಂಟ್ ಜೈಲ್ಸ್ ಬೀದಿಗೆ ಬರುತ್ತಾನೆ. ಇಡೀ ದಾರಿ ಎರಡು ಕಿಲೋಮೀಟರಿಗೂ ಕಡಿಮೆ. ಮೊದಲ ಕ್ಷೇತ್ರ ‘ಈಗಲ್ ಅಂಡ್ ಚೈಲ್ಡ್’. ಸಿ.ಎಸ್. ಲೂಯಿಸ್, ಟೋಲ್ಕಿನ್ ಮತ್ತು ಅವರ ‘ಇಂಕ್ಲಿಂಗ್ಸ್’ ಗೆಳೆಯರು ಇದರ ಹಿಂಬದಿಯ ಕೋಣೆಯಲ್ಲಿ ಕೂರುತ್ತಿದ್ದರು. ‘ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ಹಸ್ತಪ್ರತಿಯನ್ನು ಟೋಲ್ಕಿನ್ ಓದಿ ಹೇಳಿದ್ದು ಇಲ್ಲೇ ಎಂದು ಯಾತ್ರಿಕರು ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ಇದು ಪೂರ್ವಪಕ್ಷ. ಸಿದ್ಧಾಂತ ಬೇರೆ: ಓದು ಮುಖ್ಯವಾಗಿ ನಡೆಯುತ್ತಿದ್ದುದು ಗುರುವಾರ ರಾತ್ರಿ, ಮಾಡ್ಲಿನ್ ಕಾಲೇಜಿನ ಲೂಯಿಸರ ಕೊಠಡಿಯಲ್ಲಿ. ಪಬ್ಬಿನ ಕೂಟ ಮಂಗಳವಾರದ್ದು, ಅದೂ ಊಟಕ್ಕೆ ಮುಂಚಿನ ಹೊತ್ತು, ಹರಟೆಗೆ. ಸಂಜೆಯ ಪರಿಕ್ರಮಕ್ಕೆ ಈ ಬೆಳಗಿನ ಕೂಟವನ್ನು ಪ್ರಮಾಣವಾಗಿ ತೋರಿಸುವುದು ಕಾಲದೋಷ.

ಇನ್ನೂ ದೊಡ್ಡ ದೋಷ ಬಾಗಿಲಿನದು. 2020ರಲ್ಲಿ ಕೊರೋನಾ ಕಾಲಕ್ಕೆ ಮುಚ್ಚಿದ್ದು ವರ್ಷಗಟ್ಟಲೆ ತೆರೆಯಲಿಲ್ಲ. 2023ರಲ್ಲಿ ಎಲಿಸನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಕಟ್ಟಡವನ್ನು ಕೊಂಡಿತು. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಸುವ ಪ್ರಮಾಣಕ್ಕೆ ಮೀಮಾಂಸಕರು ಅನುಪಲಬ್ಧಿ ಎಂದು ಹೆಸರಿಟ್ಟಿದ್ದಾರೆ. ಬೀಗ ಹಾಕಿದ ಪಬ್ಬಿನ ಎದುರು ಬಾಯಾರಿ ನಿಂತಾಗ ಆ ಪ್ರಮಾಣ ಅರ್ಥವಾದಷ್ಟು ಯಾವ ತರಗತಿಯಲ್ಲೂ ಅರ್ಥವಾಗುವುದಿಲ್ಲ.

ರಸ್ತೆ ದಾಟಿದರೆ ‘ಲ್ಯಾಂಬ್ ಅಂಡ್ ಫ್ಲ್ಯಾಗ್’. 1962ರಲ್ಲಿ ಇಂಕ್ಲಿಂಗ್ಸ್ ಕೂಡ ಹೀಗೇ ರಸ್ತೆ ದಾಟಿದವರು. ಹಳೆಯ ಪಬ್ಬಿನ ನವೀಕರಣ ಅವರಿಗೆ ಹಿಡಿಸಲಿಲ್ಲ. ಈ ಗ್ರಂಥದ ಮುಖ್ಯ ಪ್ರತಿಪಾದನೆಯ ಬೀಜ ಇರುವುದು ಇಲ್ಲಿ. ಪಬ್ಬಿನ ಒಡೆತನ ಸೇಂಟ್ ಜಾನ್ಸ್ ಕಾಲೇಜಿನದು. ಕಾಲೇಜು ತಾನೇ ಇದನ್ನು ನಡೆಸುತ್ತಿದ್ದಾಗ ಲಾಭದ ಹಣ ಸಂಶೋಧನ ವಿದ್ಯಾರ್ಥಿಗಳ ವೇತನಕ್ಕೆ ಹೋಗುತ್ತಿತ್ತು. ಅಂದರೆ ಮೂಲೆಯಲ್ಲಿ ಮೂರನೆಯ ಪೈಂಟ್ ಹಿಡಿದು ಕೂತ ಮನುಷ್ಯನನ್ನು ಕುಡುಕ ಎನ್ನುವಂತಿರಲಿಲ್ಲ, ವಿದ್ಯಾದಾನಿ ಎನ್ನಬೇಕಿತ್ತು. ಅವನು ಮನೆಗೆ ತಡವಾಗಿ ಬಂದದ್ದು ಯಾರದೋ ಪಿಎಚ್.ಡಿ. ಮುಗಿಯಲಿ ಎಂದು. ಈ ವಾದವನ್ನು ಹೆಂಡತಿಯರು ಒಪ್ಪಿದ ಉದಾಹರಣೆ ಶಾಸ್ತ್ರದಲ್ಲಿ ಸಿಗದು. 2021ರ ಜನವರಿಯಲ್ಲಿ ಪಬ್ಬು ಮುಚ್ಚಿ, ಊರಿನ ಅಭಿಮಾನಿಗಳ ಒಂದು ಬಳಗ ಗುತ್ತಿಗೆ ಹಿಡಿದ ಮೇಲೆ 2022ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು.

ಬ್ರಾಡ್ ಸ್ಟ್ರೀಟಿನ ‘ವೈಟ್ ಹಾರ್ಸ್’ಗೆ ಪುಸ್ತಕಗಳ ನಡುವೆ ಕುಡಿಯುವ ಭಾಗ್ಯ. 1879ರಲ್ಲಿ ಶುರುವಾದ ಬ್ಲ್ಯಾಕ್‌ವೆಲ್ಸ್ ಪುಸ್ತಕದಂಗಡಿ ಎರಡೂ ಪಕ್ಕದಿಂದ ಈ ಕಿರಿದಾದ ಪಬ್ಬನ್ನು ಅದುಮಿ ನಿಂತಿದೆ. ಪುಸ್ತಕ ಕೊಳ್ಳಲು ಹೋಗುತ್ತೇನೆಂದು ಹೊರಟವನು ಒಂದು ಬಾಗಿಲು ತಪ್ಪಿದರೆ ಸಾಕು. ಕಾಲಿನ್ ಡೆಕ್ಸ್‌ಟರ್ 1975ರಿಂದ 1999ರವರೆಗೆ ಬರೆದ ಹದಿಮೂರು ಕಾದಂಬರಿಗಳ ಪತ್ತೇದಾರ ಇನ್‌ಸ್ಪೆಕ್ಟರ್ ಮೋರ್ಸ್ ಟಿವಿ ಧಾರಾವಾಹಿಯಲ್ಲಿ ಇಲ್ಲಿಗೂ ಬಂದು ಕೂತವನು. ಬಿಯರ್ ಇಳಿಯದೆ ಅವನ ಬುದ್ಧಿ ಓಡದು, ಜೇಬಿಗೆ ಮಾತ್ರ ಅವನ ಕೈ ಹೋಗದು. ದುಡ್ಡು ತೆರುವವನು ಯಾವಾಗಲೂ ಸಹಾಯಕ, ಸಾರ್ಜೆಂಟ್ ಲೂಯಿಸ್. ಆಕ್ಸ್‌ಫರ್ಡಿನ ಪಾನಚರಿತ್ರೆಯಲ್ಲಿ ಹೀಗೆ ಇಬ್ಬರು ಲೂಯಿಸರು ಬರುವುದರಿಂದ ಗೊಂದಲ ಸಹಜ: ದೇವರ ಬಗ್ಗೆ ಬರೆದವನು ಒಬ್ಬ, ಬಿಲ್ಲು ಕಟ್ಟಿದವನು ಇನ್ನೊಬ್ಬ. ಇಬ್ಬರಲ್ಲಿ ಯಾರ ಶ್ರದ್ಧೆ ದೊಡ್ಡದು ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಮೋರ್ಸ್ ಮುರಿಯುತ್ತಿದ್ದದ್ದು ‘ರೌಂಡ್’ ಎಂಬ ಧರ್ಮವನ್ನು. ಗುಂಪಿನಲ್ಲಿ ಒಬ್ಬೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸಬೇಕು. ಎಷ್ಟು ಮಂದಿಯೋ ಅಷ್ಟು ಗ್ಲಾಸು. ಬಾಯಾರಿಕೆಗೂ ಇದಕ್ಕೂ ಸಂಬಂಧವಿಲ್ಲ, ಇದು ಶುದ್ಧ ಗಣಿತ. ಈ ಋಣಚಕ್ರದ ಬಲ ಸರ್ಕಾರಕ್ಕೂ ಗೊತ್ತಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಇನ್ನೊಬ್ಬರಿಗೆ ಕುಡಿಸುವುದನ್ನೇ ಲಂಡನ್ನಿನಲ್ಲೂ ಬೇರೆ ಕೆಲವೆಡೆಯೂ ಆಜ್ಞೆ ಹೊರಡಿಸಿ ನಿಷೇಧಿಸಲಾಗಿತ್ತು.

ಬ್ರಾಡ್ ಸ್ಟ್ರೀಟಿನ ತುದಿಯಲ್ಲಿ ‘ಕಿಂಗ್ಸ್ ಆರ್ಮ್ಸ್’. ಶುರುವಾದದ್ದು 1607. ಅದರ ಒಡೆಯ ವಾಡಮ್ ಕಾಲೇಜು, ಸ್ಥಾಪನೆ 1610. ಬಾಡಿಗೆದಾರ ಮನೆ ಮಾಲೀಕನಿಗಿಂತ ಮೂರು ವರ್ಷ ಹಿರಿಯ ಎಂಬ ಈ ಸಂಗತಿಯನ್ನು ನ್ಯಾಯಶಾಸ್ತ್ರ ಜೀರ್ಣಿಸಿಕೊಳ್ಳಬೇಕಾಗಿದೆ. ಚದರ ಅಡಿಗೆ ಇಷ್ಟು ಬುದ್ಧಿಮತ್ತೆ ಜಗತ್ತಿನ ಇನ್ಯಾವ ಬಾರಿನಲ್ಲೂ ಇಲ್ಲ ಎಂಬುದು ಇಲ್ಲಿನ ಹಳೆಯ ಜಂಬ. ಆ ಬುದ್ಧಿಮತ್ತೆ ಹಿಂಬದಿಯ ಬಾರಿಗೆ ಹೆಂಗಸರನ್ನು ಬಿಟ್ಟುಕೊಳ್ಳಲು 1973ರವರೆಗೆ ಕಾಯಬೇಕಾಯಿತು.

ನ್ಯೂ ಕಾಲೇಜ್ ಲೇನಿನಲ್ಲಿ ಹರ್ಟ್‌ಫರ್ಡ್ ಕಾಲೇಜಿನ ಸೇತುವೆಯ ಕೆಳಗೆ ಹಾದು ಎಡಕ್ಕೆ ಒಂದು ಸಂದಿ. ಈಗ ಅದಕ್ಕೆ ಸಂತ ಹೆಲೆನಾಳ ಹೆಸರು, ಹಿಂದೆ ಅದು ನರಕದ ಓಣಿ. ಒಬ್ಬರ ಹಿಂದೆ ಒಬ್ಬರು ನುಸುಳಿದರೆ ಹಳೆಯ ಕೋಟೆಗೋಡೆಯ ಆಸರೆಯಲ್ಲಿ ‘ಟರ್ಫ್ ಟ್ಯಾವರ್ನ್’. ಇಲ್ಲಿ ಶಬ್ದಪ್ರಮಾಣದ ಪರೀಕ್ಷೆ. ಶಬ್ದವೆಂದರೆ ಗೋಡೆಯ ಮೇಲಿನ ಫಲಕ. ಮುಂದೆ 1983ರಿಂದ 1991ರವರೆಗೆ ಆಸ್ಟ್ರೇಲಿಯಾದ ಪ್ರಧಾನಿಯಾದ ಬಾಬ್ ಹಾಕ್ ವಿದ್ಯಾರ್ಥಿಯಾಗಿದ್ದಾಗ ಎರಡೂವರೆ ಪೈಂಟ್ ಬಿಯರನ್ನು ಉದ್ದ ಕೊಳವೆಯಂಥ ಗ್ಲಾಸಿನಿಂದ 11 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಮಾಡಿದ್ದು ಇಲ್ಲೇ ಎನ್ನುತ್ತದೆ ಪಬ್ಬು. ಹಾಕ್ ತಮ್ಮ ಆತ್ಮಕಥೆಯಲ್ಲಿ ಹೇಳುವುದು ಬೇರೆ: ಅದು ಯೂನಿವರ್ಸಿಟಿ ಕಾಲೇಜಿನ ಊಟದ ಮನೆಯಲ್ಲಿ, ಗೌನು ಹಾಕದೆ ಬಂದ ತಪ್ಪಿಗೆ ವಿಧಿಸಿದ ಶಿಕ್ಷೆ. ಮತದಾರರು ತಮ್ಮನ್ನು ಮೆಚ್ಚಲು ಈ ಸಾಧನೆಯೇ ದೊಡ್ಡ ಕಾರಣವಿದ್ದೀತು ಎಂದೂ ಅವರು ಒಪ್ಪಿಕೊಂಡಿದ್ದಾರೆ. ಗಾಂಜಾ ಸೇದಿದರೂ ಹೊಗೆ ಒಳಗೆಳೆಯಲಿಲ್ಲ ಎಂದು 1992ರ ಚುನಾವಣೆಯಲ್ಲಿ ಹೇಳಿಕೊಂಡ ಬಿಲ್ ಕ್ಲಿಂಟನ್‌ರ ಆ ಪ್ರಸಂಗವನ್ನೂ ಇದೇ ಪಬ್ಬು ತನ್ನ ಖಾತೆಗೆ ಬರೆದುಕೊಂಡಿದೆ. ನಡೆಯದ ಕ್ರಿಯೆಗೂ ಸ್ಥಳಪುರಾಣ ಕಟ್ಟಿದ ಕೀರ್ತಿ ಇದಕ್ಕೇ ಸಲ್ಲಬೇಕು. ಹಾಕ್, ಕ್ಲಿಂಟನ್ ಇಬ್ಬರೂ ರೋಡ್ಸ್ ವಿದ್ಯಾರ್ಥಿವೇತನದವರು. ಅದೇ ವೇತನದಲ್ಲಿ 1960ರಿಂದ 1963ರವರೆಗೆ ಅಲ್ಲಿದ್ದ ಗಿರೀಶ ಕಾರ್ನಾಡರು ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾದರು. ಅವರ ಹೆಸರಿನ ಫಲಕ ಹಾಕಲು ಯಾವ ಪಬ್ಬಿಗೂ ತೋಚಿಲ್ಲ. ಒಂದು ಗ್ಲಾಸು, ಒಂದು ಹೊಗೆ, ಇನ್ನೊಂದು ‘ತುಘಲಕ್’: ಪಬ್ಬಿನ ಇತಿಹಾಸಕಾರ ಯಾವುದನ್ನು ಆರಿಸುತ್ತಾನೆ ಎಂಬುದು ಗೊತ್ತಿರುವುದೇ.

ಐದನೆಯ ಅರ್ಧ ಪೈಂಟಿನ ಹೊತ್ತಿಗೆ ಸಂಶೋಧಕನಿಗೆ ತತ್ತ್ವಜ್ಞಾನ ಏರತೊಡಗುತ್ತದೆ. ಅದಕ್ಕೆ ತಕ್ಕ ಜಾಗ ‘ದ ಬೇರ್’. ತನ್ನ ಹುಟ್ಟು 1242ರಲ್ಲಿ ಎನ್ನುತ್ತದೆ. ಆದರೆ ಈಗಿನ ಕಟ್ಟಡ ಹದಿನೇಳನೆಯ ಶತಮಾನದ ಆರಂಭದ್ದು, ಮೂಲ ಛತ್ರದ ಕುದುರೆ ನೋಡಿಕೊಳ್ಳುವವನ ಮನೆ. ಹೈ ಸ್ಟ್ರೀಟಿನಲ್ಲಿದ್ದ ಮೂಲ ಛತ್ರ 1801ರಲ್ಲಿ ಮುಚ್ಚಿದಾಗ ಹೆಸರು ಮಾತ್ರ ಇಲ್ಲಿಗೆ ಬಂತು. ಚಾರ್ವಾಕರಿಗೆ ಇದು ಮೋಸ. ಪುನರ್ಜನ್ಮ ನಂಬುವವರಿಗೆ ಆತ್ಮ ಒಂದೇ, ದೇಹ ಬೇರೆ. ಒಳಗೆ ಗೋಡೆಯಿಂದ ಚಾವಣಿಯವರೆಗೆ ಗಾಜಿನ ಹಿಂದೆ ಕತ್ತರಿಸಿದ ಟೈ ತುದಿಗಳು, ನಾಲ್ಕೂವರೆ ಸಾವಿರಕ್ಕೂ ಹೆಚ್ಚು. 1952ರಲ್ಲಿ ಪಬ್ಬಿನವರು ಶುರುಮಾಡಿದ ಪದ್ಧತಿ: ಕ್ಲಬ್ಬಿನದೋ ಕಾಲೇಜಿನದೋ ಟೈ ತುದಿ ಕೊಟ್ಟರೆ ಅರ್ಧ ಪೈಂಟ್ ಬಿಟ್ಟಿ. ವಿದ್ಯಾಸಂಸ್ಥೆಯ ಗೌರವಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆ 284 ಮಿಲಿಲೀಟರ್ ಎಂದು ಇಲ್ಲಿ ಪ್ರತ್ಯಕ್ಷವಾಗಿ ಸಿದ್ಧವಾಗುತ್ತದೆ.

ಕೊನೆಯ ಕ್ಷೇತ್ರ ಕಾರ್‌ಫ್ಯಾಕ್ಸ್ ನಾಲ್ಕುದಾರಿಯ ಮೂಲೆ. ಅಲ್ಲಿ ಕುಡಿಯಲು ಏನೂ ಸಿಗದು. ಬ್ಯಾಂಕಿನ ಗೋಡೆಯ ಮೇಲೆ 1250ರಿಂದ 1709ರವರೆಗೆ ಇಲ್ಲಿ ‘ಸ್ವಿಂಡಲ್‌ಸ್ಟಾಕ್ ಟ್ಯಾವರ್ನ್’ ಇತ್ತು ಎಂಬ ಕೆತ್ತನೆ ಮಾತ್ರ. 1355ರ ಫೆಬ್ರುವರಿ 10, ಸಂತ ಸ್ಕೊಲಾಸ್ಟಿಕಾಳ ದಿನ. ಇಬ್ಬರು ವಿದ್ಯಾರ್ಥಿಗಳು ವೈನ್ ಕೆಟ್ಟದಾಗಿದೆ ಎಂದರು, ಮಾಲೀಕ ಖಾರವಾಗಿ ಉತ್ತರಿಸಿದ, ಅವರು ವೈನನ್ನು ಅವನಿಗೇ ಎರಚಿದರು. ಊರಿನವರು ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರು, ವಿಶ್ವವಿದ್ಯಾಲಯದವರು ಸೇಂಟ್ ಮೇರಿಯದು. ಹಳ್ಳಿಗಳಿಂದಲೂ ಜನ ನುಗ್ಗಿದರು. ಮೂರು ದಿನದ ಕಾಳಗದಲ್ಲಿ 63 ಮಂದಿ ವಿಶ್ವವಿದ್ಯಾಲಯದವರೂ ಸುಮಾರು 30 ಮಂದಿ ಊರಿನವರೂ ಸತ್ತರು ಎಂಬುದು ನಡೆದುಬಂದ ಲೆಕ್ಕ.

ಇಲ್ಲಿ ಅಣಕಕ್ಕೆ ಎಡೆಯಿಲ್ಲ, ತೀರ್ಪಿಗೆ ಇದೆ. ದೊರೆ ಮೂರನೆಯ ಎಡ್ವರ್ಡ್ ವಿಶ್ವವಿದ್ಯಾಲಯದ ಪರ ನಿಂತ. ಊರಿನ ರೊಟ್ಟಿ, ಬಿಯರು, ತೂಕ, ಅಳತೆಗಳ ಮೇಲಿನ ಹಿಡಿತ ವಿದ್ವಾಂಸರ ಕೈಗೆ ಬಂತು. ಹೆಚ್ಚು ಹೆಣ ಬಿದ್ದದ್ದು ಅವರ ಕಡೆ ಎಂಬುದು ನಿಜ. ಗ್ಲಾಸಿನ ಜಗಳದ ಕೊನೆಗೆ ಗ್ಲಾಸಿನ ಅಧಿಕಾರ ಗೆದ್ದವರೂ ಅವರೇ. ಮೇಯರ್ ಮತ್ತು ಊರಿನ ಪ್ರಮುಖರು ಪ್ರತಿವರ್ಷ ಸೇಂಟ್ ಮೇರಿ ಚರ್ಚಿಗೆ ಹೋಗಿ ಸತ್ತ ಒಬ್ಬೊಬ್ಬ ವಿದ್ವಾಂಸನಿಗೆ ಒಂದರಂತೆ 63 ಪೆನ್ನಿ ಕಾಣಿಕೆ ಇಡಬೇಕಾಯಿತು. 1825ರಲ್ಲಿ ಒಬ್ಬ ಮೇಯರ್ ಇನ್ನು ಆಗದು ಎಂದುಬಿಟ್ಟ. ಒಂದು ವರ್ಷವೂ ತಪ್ಪದೆ ಸಂದಿದ್ದರೆ ಒಟ್ಟು ಮೊತ್ತ ಸುಮಾರು 123 ಪೌಂಡ್ ಆಗುತ್ತದೆ. ರಾಜಿಗೆ ಇನ್ನೂ 130 ವರ್ಷ ಹಿಡಿಯಿತು: 1955ರ ಫೆಬ್ರುವರಿ 10ರಂದು, ಗಲಾಟೆಯ 600ನೇ ವರ್ಷಕ್ಕೆ, ವಿಶ್ವವಿದ್ಯಾಲಯ ಮೇಯರ್‌ಗೆ ಗೌರವ ಪದವಿ ಕೊಟ್ಟಿತು, ನಗರವು ಕುಲಪತಿಗೆ ಗೌರವ ಪೌರತ್ವ ಕೊಟ್ಟಿತು.