ಟೇಪು ಮೇಷ್ಟ್ರು

ಊರಲ್ಲಿ ನಿವೃತ್ತ ಪ್ರಾಧ್ಯಾಪಕರು ಯಾರಾದರೂ ತೀರಿಕೊಂಡರೆ ಮೊದಲು ಬಂದು ಕೂರುವವರಲ್ಲಿ ಟೇಪು ಮೇಷ್ಟ್ರು ಒಬ್ಬರು. ಮಗನ ಹೆಗಲ ಮೇಲೊಂದು ಕೈ, ಸೊಸೆಗೆ ಎರಡು ಸಮಾಧಾನದ ಮಾತು. ಕಣ್ಣು ಮಾತ್ರ ಷೋಕೇಸಿನ ಕೆಳಗಿನ ಖಾನೆಯ ಮೇಲೆ. ವೈಕುಂಠ ಸಮಾರಾಧನೆಯ ದಿನ, ಎಲೆಗೆ ತುಪ್ಪ ಬೀಳುವ ಹೊತ್ತಿಗೆ, ತಗ್ಗಿದ ದನಿಯಲ್ಲಿ ವಿಷಯಕ್ಕೆ ಬರುತ್ತಾರೆ: “ಅಪ್ಪಾಜಿ ಹತ್ರ ವಿಸಿಆರ್ ಇತ್ತಲ್ಲ, ಆಗಿನ ಕ್ಯಾಸೆಟ್ಟೇನಾದ್ರೂ ಉಳಿದಿದೆಯೇನಪ್ಪಾ? ಗುಜರಿಗೆ ಮಾತ್ರ ಹಾಕಬೇಡ.”

ಅವರಿಗೆ ಬೇಕಾದದ್ದು ಹಳೇ ಸಿನಿಮಾ ಅಲ್ಲ, ದೂರದರ್ಶನದ ಪಾಠ. 1984ರ ಆಗಸ್ಟ್ 15ರಂದು ಯುಜಿಸಿ ಶುರುಮಾಡಿದ ‘ಕಂಟ್ರಿವೈಡ್ ಕ್ಲಾಸ್‌ರೂಂ’ ನೆನಪಿರಬಹುದು. ಮಧ್ಯಾಹ್ನ ಉಂಡು ಅಡ್ಡಾದ ದೇಶಕ್ಕೆ ಇಂಗ್ಲಿಷಿನಲ್ಲಿ ಜ್ಞಾನದಾನ. “ದೇಶಕ್ಕೆ ದೇಶವೇ ಗೊರಕೆ ಹೊಡೀತಿತ್ತು ಕಣ್ರೀ, ನಾನೂ ಸೇರಿ. ಅದಕ್ಕೇ ಈಗ ಹುಡುಕ್ತಿರೋದು” ಎನ್ನುತ್ತಾರೆ ಮೇಷ್ಟ್ರು. ಗಿರೀಶ ಕಾರ್ನಾಡರು ನಿರೂಪಿಸುತ್ತಿದ್ದ, ಪ್ರೊ. ಯಶ್ ಪಾಲ್ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದ ‘ಟರ್ನಿಂಗ್ ಪಾಯಿಂಟ್’ ಮೇಲೂ ಅವರಿಗೆ ಆಸೆಯಿದೆ. ಆದರೆ ಅದನ್ನು ಎಚ್ಚರವಾಗಿದ್ದೇ ನೋಡಿದ್ದರಿಂದ ಅಷ್ಟು ಹಟವಿಲ್ಲ.

ಇವೆಲ್ಲ ಚಿಲ್ಲರೆ ಬೇಟೆ. ಮೇಷ್ಟ್ರ ನಿದ್ದೆ ಕೆಡಿಸಿರುವುದು 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ಪಾಠ ತಲುಪಿಸಿದ ‘ಸೈಟ್’ ಪ್ರಯೋಗ. ಅಮೆರಿಕದಿಂದ ಒಂದು ವರ್ಷಕ್ಕೆ ಎರವಲು ತಂದ ಎಟಿಎಸ್-6 ಉಪಗ್ರಹ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು. ಅವುಗಳಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಯವೂ ಇದ್ದವು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದಲೇ ಮಾಡಿದ 3 ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ, ದಿನಕ್ಕೆ 4 ಗಂಟೆ. ಬೆಂಗಳೂರು ದೂರದರ್ಶನ ಕಣ್ಣು ಬಿಟ್ಟಿದ್ದು 1981ರ ನವೆಂಬರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯಲ್ಲಿ ಟಿವಿ! ಈ ಮಾತು ಹೇಳುವಾಗ ಎದುರಿಗೆ ಬೆಂಗಳೂರಿನವರೊಬ್ಬರು ಇರಲೇಬೇಕು, ಇಲ್ಲದಿದ್ದರೆ ಮೇಷ್ಟ್ರಿಗೆ ರುಚಿಸುವುದಿಲ್ಲ.

ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಉಪಗ್ರಹಕ್ಕೆ ಒಂದೇ ಚಿತ್ರದ ಜೊತೆ ಎರಡು ಭಾಷೆಯ ಧ್ವನಿ ಸಾಗಿಸುವ ಶಕ್ತಿಯಿತ್ತು. ಹೀಗಾಗಿ ಮೇಷ್ಟ್ರಿಗೆ ಆಗಾಗ ಒಂದು ಕೆಟ್ಟ ಕನಸು: ಟೇಪು ಸಿಕ್ಕಿದೆ, ಬೂಷ್ಟಿಲ್ಲ, ಚಿತ್ರ ಚೊಕ್ಕವಾಗಿದೆ, ಗುಂಡಿ ಒತ್ತಿದರೆ ತೆಲುಗು. ಇಸ್ರೊದವರು ಶ್ರೀಲಂಕಾದಲ್ಲಿದ್ದ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಮನೆಗೂ ಇಂಥದ್ದೊಂದು ಆಂಟೆನಾ ಹಾಕಿಸಿಕೊಟ್ಟಿದ್ದರು. “ಅಷ್ಟು ಬುದ್ಧಿವಂತ ಮನುಷ್ಯ, ಒಂದು ದಿನದ್ದಾದ್ರೂ ರೆಕಾರ್ಡ್ ಮಾಡಿರಲ್ವೇ?” ಕ್ಲಾರ್ಕ್ ತೀರಿಕೊಂಡಿದ್ದು 2008ರಲ್ಲಿ. ಸಮಾರಾಧನೆಗೆ ಹೋಗಲಾಗಲಿಲ್ಲವೆಂಬ ಕೊರಗು ಮೇಷ್ಟ್ರಿಗೆ ಈಗಲೂ ಇದೆ.

ಕ್ಯಾಸೆಟ್ ಕೈಗೆ ಬಂತೆಂದರೆ ಅವರು ಲೇಬಲ್ ಓದುವುದಿಲ್ಲ. ಲೇಬಲ್ಲಿನಷ್ಟು ಸುಳ್ಳು ಹೇಳುವ ವಸ್ತು ಇನ್ನೊಂದಿಲ್ಲ. ಬೆನ್ನಿನ ಎಡಮೂಲೆ ತಿರುಗಿಸಿ ನೋಡುತ್ತಾರೆ. ಅಲ್ಲೊಂದು ಪುಟ್ಟ ಪ್ಲಾಸ್ಟಿಕ್ ಚೂರಿರುತ್ತದೆ. ಅದನ್ನು ಮುರಿದುಹಾಕಿದರೆ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಆಗದು. ಪಾಪ, ಪ್ರಾಧ್ಯಾಪಕರು ಪಾಠ ಉಳಿಯಲೆಂದು ಮುರಿದಿರುತ್ತಾರೆ. ಮನೆಯವರು ಆ ತೂತಿನ ಮೇಲೆ ಸೆಲ್ಲೋಟೇಪು ಅಂಟಿಸಿ, ಮಗಳ ಮದುವೆಯ ಕಾಪಿ ಇಳಿಸಿಕೊಂಡಿರುತ್ತಾರೆ. ಕಂದುಬಣ್ಣಕ್ಕೆ ತಿರುಗಿದ ಆ ಸೆಲ್ಲೋಟೇಪನ್ನು ಉಗುರಿನಿಂದ ಕೆರೆದು ಮೇಷ್ಟ್ರು ಹೇಳುವುದು ಒಂದೇ ಮಾತು: “ಕೊಲೆ.”

ಹಾಗೆಂದು ಬಿಸಾಡುವುದಿಲ್ಲ. ಟೇಪು 3 ಗಂಟೆಯದು. ಮದುವೆ ಎರಡೂವರೆ ಗಂಟೆಗೆ ಮುಗಿದರೆ ಉಳಿದ ಅರ್ಧ ಗಂಟೆಯಲ್ಲಿ ಹಳೆಯದು ಹಾಗೇ ಇರುತ್ತದೆ. ಆ ಬಾಲಕ್ಕಾಗಿ ಮೇಷ್ಟ್ರು ಊರಿನ ಅಷ್ಟೂ ಮದುವೆಗಳನ್ನು ಓಡಿಸಿಕೊಂಡು ನೋಡಿದ್ದಾರೆ. ಕಾಶೀಯಾತ್ರೆಗೆ ಹೊರಟ ವರ ಓಡಿಹೋಗಿ ಓಡಿಬರುತ್ತಾನೆ, ಧಾರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ, ಆರತಕ್ಷತೆಯಲ್ಲಿ ಇನ್ನೂರು ಜನ ಸೂಟ್‌ಕೇಸು, ಸ್ಟೀಲು ಡಬ್ಬ ಹಿಡಿದು ಕೈಕುಲುಕಿ ಮಾಯವಾಗುತ್ತಾರೆ. ಯಾರ ಮದುವೆಯಲ್ಲಿ ಯಾವ ಬೀಗರು ಮುಖ ಊದಿಸಿಕೊಂಡಿದ್ದರು, ಯಾರು ಎರಡು ಪಂಕ್ತಿಯಲ್ಲಿ ಕೂತಿದ್ದರು, ಎಲ್ಲ ಅವರಿಗೆ ಕಂಠಪಾಠ. ತರಕಾರಿ ಅಂಗಡಿಯಲ್ಲಿ ಅಪರಿಚಿತರನ್ನು ತಡೆದು “ನಿಮಗೆ ಆಗ ಮೀಸೆ ಇತ್ತಲ್ವೇ?” ಎಂದು ಕೇಳಿ ಗಾಬರಿಪಡಿಸುತ್ತಾರೆ.

ಹೀಗೆ ಓಡಿಸುತ್ತ, ಒಬ್ಬ ಪ್ರಾಧ್ಯಾಪಕರ ಮಗಳ ಮದುವೆ ಮುಗಿದು, ತೆರೆಯ ಮೇಲೆ ಮಳೆ ಸುರಿದು, ಸಟ್ಟನೆ ಒಂದು ಹುತ್ತ ಕಾಣಿಸಿತು. ಗೆದ್ದಲಿನ ಪಾಠ! ರಾಣಿಗೆದ್ದಲು ಮೊಟ್ಟೆ ಇಡುತ್ತಿದೆ, ಯಾರೋ ಇಂಗ್ಲಿಷಿನಲ್ಲಿ ಅವಸರವಿಲ್ಲದೆ ವಿವರಿಸುತ್ತಿದ್ದಾರೆ. ಮೇಷ್ಟ್ರು ಊರನ್ನೇ ಕರೆದು, ಕಾಫಿ ಕೊಟ್ಟು ಪ್ರದರ್ಶನ ಇಟ್ಟರು. ಬಂದವರೆಲ್ಲ ನಿದ್ದೆಹೋದರು. “ಒರಿಜಿನಲ್ ಎಫೆಕ್ಟು!” ಎಂದು ಮೇಷ್ಟ್ರಿಗೆ ಸಂಭ್ರಮ.

ಯಾರಾದರೂ ನಕ್ಕರೆ ಅವರ ಬತ್ತಳಿಕೆಯಲ್ಲಿ ನಾಸಾ ಇದೆ. 1969ರಲ್ಲಿ ಚಂದ್ರನಿಂದ ಬಂದ ಚಿತ್ರಗಳ ಮೂಲ ಟೇಪುಗಳನ್ನು ನಾಸಾದವರೇ ಅಳಿಸಿ ಮತ್ತೆ ಬಳಸಿಕೊಂಡಿರಬೇಕು ಎಂದು ಅವರದೇ ತನಿಖೆ ಒಪ್ಪಿಕೊಂಡಿದೆ. ಬಿಬಿಸಿ ಅಳಿಸಿಹಾಕಿದ್ದ ‘ಡಾಕ್ಟರ್ ಹೂ’ ಕಂತುಗಳಲ್ಲಿ ಒಂಬತ್ತರ ಪ್ರತಿಗಳು ನೈಜೀರಿಯಾದಲ್ಲಿ ಸಿಕ್ಕಿದ್ದನ್ನು 2013ರಲ್ಲಿ ಪ್ರಕಟಿಸಿದರು. “ಅಲ್ಲಿ ಸಿಗೋದಾದ್ರೆ ಬಿಜಾಪುರದ ಅಟ್ಟದಲ್ಲಿ ಯಾಕೆ ಸಿಗಬಾರದು?” 1976ರಲ್ಲಿ ಬಿಜಾಪುರದ ಹಳ್ಳಿಯಲ್ಲಿ ರೆಕಾರ್ಡ್ ಮಾಡುವ ಯಂತ್ರ ಯಾರ ಮನೆಯಲ್ಲಿತ್ತು ಎಂದು ಕೇಳುವಷ್ಟು ಕಟುಕರು ನಾವಲ್ಲ.

ಈಗ ಅವರ ಮನೆ ಮುಂದೆ ಸಾಲು. ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಡುವ ಯಂತ್ರ ಈ ಬಡಾವಣೆಯಲ್ಲಿ ಇರುವುದು ಅವರೊಬ್ಬರಲ್ಲೇ. ಹಣ ಮುಟ್ಟುವುದಿಲ್ಲ. ಷರತ್ತು ಇಷ್ಟೇ: ಮದುವೆ ನಿಮಗೆ, ಮದುವೆಯಾದ ಮೇಲಿನದು ನನಗೆ. ಎಲ್ಲರೂ ಖುಷಿಯಿಂದ ಒಪ್ಪುತ್ತಾರೆ. ಒಬ್ಬರು ಮಾತ್ರ ಒಪ್ಪಲಿಲ್ಲ. ಗೆದ್ದಲಿನ ಟೇಪಿನ ವರ ಫೋನು ಮಾಡಿ, “ಸಾರ್, ನಮ್ದು ಡೈವೋರ್ಸ್ ಆಗಿ ಹತ್ತು ವರ್ಷ ಆಯ್ತು. ಮದುವೆ ನೀವೇ ಇಟ್ಕೊಳ್ಳಿ, ಆ ಗೆದ್ದಲಿಂದು ಇದ್ರೆ ಕಳಿಸ್ತೀರಾ?” ಎಂದರಂತೆ. ತಾವಾಗಿಯೇ ಪಾಠ ಕೇಳಿದ ಮೊದಲ ವಿದ್ಯಾರ್ಥಿ ಎಂದು ಮೇಷ್ಟ್ರು ಅವರಿಗೆ ಅಂಚೆಖರ್ಚು ತಾವೇ ಹಾಕಿ ಕಳಿಸಿದರು.