ಈ ಮುಖವನ್ನು ಬಳಸುವ ಮುನ್ನ

ಹೊಸ ಮಿಕ್ಸಿ ಜೊತೆ ಬರುವ ಪುಸ್ತಕವನ್ನು ಯಾರೂ ಓದುವುದಿಲ್ಲ. ಮಿಕ್ಸಿ ಹೊಗೆಯಾಡಿದ ದಿನ ಹುಡುಕುತ್ತೇವೆ. ಅಷ್ಟರಲ್ಲಿ ಅದರ ಹಿಂದಿನ ಪುಟದಲ್ಲಿ ಹಾಲಿನ ಲೆಕ್ಕ ಬರೆದು ಎಲ್ಲೋ ಇಟ್ಟು ಮರೆತಿರುತ್ತೇವೆ. ಮುಖದ ಜೊತೆ ಅಷ್ಟೂ ಬರುವುದಿಲ್ಲ. ನಲವತ್ತಾರು ವರ್ಷ ಕೈಪಿಡಿಯಿಲ್ಲದೆ ಓಡಿಸಿ, ಎರಡು ಸಲ ಕೆಡಿಸಿಕೊಂಡ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಕೂತು ತಿದ್ದುತ್ತಿರುವವಳು ನನ್ನ ಸೊಸೆ, ಅಂದರೆ ಅಣ್ಣನ ಮಗಳು, ಫಾರ್ಮಸಿ ಓದಿದವಳು. ಇಲ್ಲಿರುವ ವಿದ್ಯೆ ಅವಳದು, ಸುಟ್ಟ ಚರ್ಮ ನನ್ನದು.

ಪೆಟ್ಟಿಗೆಯಲ್ಲಿ ಏನಿದೆ

ಮುಖ ಒಂದು. ಬದಲಿ ಸಿಗುವುದಿಲ್ಲ. ಕತ್ತನ್ನೂ ಜೊತೆಗೇ ಕೊಟ್ಟಿರುತ್ತಾರೆ, ಬಹಳ ಜನ ಅದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುವುದೇ ಇಲ್ಲ. ಅಪ್ಪನ ಕಡೆಯ ಜಿಡ್ಡು, ಅಮ್ಮನ ಕಡೆಯ ಬಂಗು ಮೊದಲೇ ಅಳವಡಿಸಿ ಬಂದಿರುತ್ತವೆ. ತಯಾರಕರನ್ನು ಕೇಳಿದರೆ, "ನಮ್ಮಮ್ಮಂಗೂ ಹಂಗೇ ಇತ್ತು" ಅನ್ನುತ್ತಾರೆ.

ನಿಮ್ಮದು ಯಾವ ಮಾದರಿ ಎಂದು ತಿಳಿಯಲು ಮುಖ ತೊಳೆದು, ಏನೂ ಹಚ್ಚದೆ, ಅರ್ಧ ಗಂಟೆ ಸುಮ್ಮನಿರಿ. ನಕ್ಕರೆ ಕೆನ್ನೆ ಎಳೆದಂತಾದರೆ ಒಣ ಚರ್ಮ. ಒಬ್ಬಟ್ಟು ತಟ್ಟಿದ ಎಲೆಯ ಹಾಗೆ ಇಡೀ ಮುಖ ಮಿಂಚಿದರೆ ಎಣ್ಣೆ ಚರ್ಮ. ಹಣೆ, ಮೂಗು ಮಾತ್ರ ಮಿಂಚಿದರೆ ಎರಡೂ ಕಲೆತದ್ದು.

ಎಚ್ಚರಿಕೆ

ಇದನ್ನು ಮೊದಲು ಓದಿ. ನಾನು ಕೊನೆಗೆ ಓದಿದೆ.

ನಾದಿನಿಯ ಮದುವೆಗೆ ಎಂಟು ದಿನ ಇತ್ತು. ಕಡಲೆಹಿಟ್ಟಿಗೆ ಒಂದು ಇಡೀ ನಿಂಬೆಹಣ್ಣು ಹಿಂಡಿ, ಕಲಸಿ, ಮುಖಕ್ಕೆ ಮೆತ್ತಿಕೊಂಡೆ. ಒಣಗುವ ತನಕ ಸುಮ್ಮನೆ ಯಾಕೆ ಕೂರಬೇಕು ಅಂತ ತಾರಸಿಗೆ ಹೋಗಿ ಸಂಡಿಗೆಗೆ ಕಾಗೆ ಕಾದೆ. ಏಪ್ರಿಲ್ ಬಿಸಿಲು. ತೊಳೆದಾಗ ಮುಖ ಹೊಳೆಯಿತು, ಅತ್ತೆಯವರೂ ಮೆಚ್ಚಿದರು. ಎರಡನೆಯ ದಿನ ಬೆಳಿಗ್ಗೆ ಕೆನ್ನೆ ಉರಿ, ಕೆಂಪು, ಅಲ್ಲಲ್ಲಿ ಸಣ್ಣ ಗುಳ್ಳೆ. ಕೆಂಪು ಇಳಿದ ಮೇಲೆ ಕಂದು ಕಲೆ. ಗಲ್ಲದಿಂದ ಕತ್ತಿಗೆ ರಸ ಇಳಿದ ಜಾಗದಲ್ಲಿ ಎರಡು ಗೆರೆ, ಯಾರೋ ಸ್ಕೇಲಿಟ್ಟು ಎಳೆದ ಹಾಗೆ. ಮದುವೆಯ ಆಲ್ಬಮ್ಮಿನಲ್ಲಿ ಆ ಗೆರೆ ಈಗಲೂ ಇದೆ, ಮುತ್ತಿನ ಸರದ ಪಕ್ಕದಲ್ಲೇ.

ನಿಂಬೆರಸದ ಪಿಎಚ್ ಎರಡರ ಆಸುಪಾಸು, ನಮ್ಮ ಚರ್ಮದ್ದು ಐದರ ಆಸುಪಾಸು. ಆ ಹುಳಿಯೇ ಸಾಕಿತ್ತು. ಅದರ ಮೇಲೆ ನಿಂಬೆಯಲ್ಲಿ ಫ್ಯುರೊಕೂಮರಿನ್ ಎಂಬ ವಸ್ತು ಇದೆ, ಬಿಸಿಲು ತಾಗಿದರೆ ಅದು ಚರ್ಮವನ್ನು ಸುಡುತ್ತದೆ. ಅಡುಗೆಮನೆಯದ್ದೆಲ್ಲ ಸೌಮ್ಯ ಎಂದು ಯಾರು ಹೇಳಿದರೋ! ಮೆಣಸಿನಕಾಯಿಯೂ ಅಡುಗೆಮನೆಯದ್ದೇ. ಮೊಡವೆಗೆ ಟೂತ್‌ಪೇಸ್ಟ್ ಹಚ್ಚುವವರಿಗೂ ಇದೇ ಮಾತು.

ಎರಡನೆಯ ಅನಾಹುತ ಇನ್ನೂ ದೊಡ್ಡದು. ನಮ್ಮ ಬ್ಯಾಂಕಿನ ಎದುರಿನ ಮೆಡಿಕಲ್ ಶಾಪಿನಲ್ಲಿ, ಬಂಗಿಗೆ ಏನಾದರೂ ಕೊಡಿ ಅಂದೆ. ಕೌಂಟರಿನ ಹುಡುಗ ತಲೆಯೆತ್ತದೆ ಒಂದು ಟ್ಯೂಬು ಕೊಟ್ಟ. ಹತ್ತೇ ದಿನಕ್ಕೆ ಬಂಗು ಮಾಯ, ಕೆನ್ನೆ ಗಾಜು. ಸಹೋದ್ಯೋಗಿಗಳು ಹೆಸರು ಬರೆದುಕೊಂಡು ಹೋದರು. ಮೂರು ತಿಂಗಳಾದ ಮೇಲೆ ನಿಲ್ಲಿಸಿ ನೋಡಿದೆ. ಒಲೆ ಮುಂದೆ ನಿಂತರೆ ಉರಿ, ಬಿಸಿಲಿಗೆ ಹೋದರೆ ಉರಿ, ಕೆನ್ನೆಯ ಮೇಲೆ ಕೆಂಪು ನರಗಳ ಬಲೆ, ಕೃತಾವಿನ ಜಾಗದಲ್ಲಿ ಕೂದಲು. ಮತ್ತೆ ಹಚ್ಚಿದರೆ ಸರಿ, ಬಿಟ್ಟರೆ ಉರಿ. ಚರ್ಮದ ಡಾಕ್ಟರು ಟ್ಯೂಬು ತಿರುಗಿಸಿ ನೋಡಿ, "ಇದನ್ನ ಯಾರು ಬರೆದುಕೊಟ್ಟಿದ್ದು?" ಎಂದರು. ಯಾರೂ ಬರೆದುಕೊಟ್ಟಿರಲಿಲ್ಲ. ಅದರಲ್ಲಿದ್ದದ್ದು ಸ್ಟೀರಾಯ್ಡ್. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್ ಬಿಗಿಗೆ ತಂದು, ಚೀಟಿಯಿಲ್ಲದೆ ಮಾರುವಂತಿಲ್ಲ ಎಂದಿತು. ಆದರೂ ನಾವು ಕೇಳುತ್ತೇವೆ, ಅವರು ಕೊಡುತ್ತಾರೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್ ಎಂದಿದ್ದರೆ ಡಾಕ್ಟರು ಹೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಮುಟ್ಟಿಸಿದ್ದರೆ ಬಿಡುವುದಕ್ಕೂ ಡಾಕ್ಟರನ್ನೇ ಕೇಳಿ.

ಜೋಡಿಸುವ ವಿಧಾನ

ಬೇಕಾದದ್ದು ಮೂರೇ. ತೊಳೆಯುವುದು, ತೇವ ಹಿಡಿಯುವುದು, ಬಿಸಿಲು ತಡೆಯುವುದು. ನಾಲ್ಕನೆಯದನ್ನು ಮಾರಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿ.

ನಮ್ಮ ಮನೆಯಲ್ಲಿ ಮೈಸೂರು ಸ್ಯಾಂಡಲ್ ಎಂದರೆ ಸೋಪಲ್ಲ, ಬಂಧು. ಮೊದಲ ಮಹಾಯುದ್ಧಕ್ಕೆ ಶ್ರೀಗಂಧದ ರಫ್ತು ನಿಂತು ಮರ ರಾಶಿ ಬಿದ್ದಾಗ, ನಾಲ್ವಡಿಯವರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಹುಟ್ಟಿದ ಉದ್ಯಮ ಅದು. ಅಂಥದ್ದನ್ನು ಮುಖದಿಂದ ಇಳಿಸಲು ನನಗೆ ಆರು ತಿಂಗಳು ಹಿಡಿಯಿತು. ಅದರ ತಪ್ಪೇನಿಲ್ಲ, ಸೋಪು ಅಂದ ಮೇಲೆ ಕ್ಷಾರವೇ, ಪಿಎಚ್ ಒಂಬತ್ತು ಹತ್ತು ಇರುತ್ತದೆ. ನನ್ನ ಒಣ ಮುಖ ತಾಳಲಿಲ್ಲ, ಅಷ್ಟೇ. ಈಗ ಕತ್ತಿನ ಕೆಳಗೆ ಗಂಧ, ಮೇಲೆ ವಾಸನೆಯಿಲ್ಲದ, ನೊರೆಯೂ ಅಷ್ಟಕ್ಕಷ್ಟೇ ಇರುವ ಫೇಸ್‌ವಾಶ್. ದಿನಕ್ಕೆ ಎರಡು ಸಲ ಸಾಕು. ತೊಳೆದ ಮುಖ ತಿಕ್ಕಿದ ಸ್ಟೀಲ್ ತಟ್ಟೆಯ ಹಾಗೆ ಕೀಚು ಅಂದರೆ ಜಾಸ್ತಿ ತೊಳೆದಿದ್ದೀರಿ ಎಂದರ್ಥ.

ಮಾಯಿಶ್ಚರೈಸರನ್ನು ಮುಖ ಇನ್ನೂ ಹಸಿಯಿರುವಾಗಲೇ ಹಚ್ಚಿ. ಅದರೊಳಗಿನ ಗ್ಲಿಸರಿನ್ ನೀರು ಹಿಡಿಯುತ್ತದೆ, ಜಿಡ್ಡಿನ ಅಂಶ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗೆ ಅದನ್ನು ಆರಿಹೋಗದಂತೆ ಕಾಯುತ್ತದೆ. ಎಣ್ಣೆ ಮುಖದವರಿಗೂ ಬೇಕು, ತೆಳುವಾದದ್ದು. ಮೊಡವೆ ಏಳುವ ಮುಖವಾದರೆ ಕೊಬ್ಬರಿ ಎಣ್ಣೆಯನ್ನು ತಲೆಗೇ ಬಿಡಿ.

ಸನ್‌ಸ್ಕ್ರೀನಿನ ವಿಷಯದಲ್ಲಿ ನಾವೆಲ್ಲ ಜಿಪುಣರು. ಕಡಲೆಕಾಳಿನಷ್ಟು ತೆಗೆದು ಇಡೀ ಮುಖಕ್ಕೆ ಸವರಿ, ಕೆಲಸ ಮಾಡಲಿಲ್ಲ ಎಂದು ಬೈಯುತ್ತೇವೆ. ಪ್ರಯೋಗಶಾಲೆಯಲ್ಲಿ ಎಸ್‌ಪಿಎಫ್ ಅಳೆಯುವಾಗ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮ್ ಹಚ್ಚಿರುತ್ತಾರೆ. ನಮ್ಮ ಲೆಕ್ಕಕ್ಕೆ ತೋರುಬೆರಳು, ನಡುಬೆರಳು, ಎರಡರ ಉದ್ದಕ್ಕೂ ಎಳೆದ ಗೆರೆಯಷ್ಟು. ಎಸ್‌ಪಿಎಫ್ 30 ಇದ್ದರೆ ಸುಡುವ ಕಿರಣಗಳಲ್ಲಿ ಸುಮಾರು ಶೇಕಡ 97, 50 ಇದ್ದರೆ 98 ತಡೆಯುತ್ತದೆ. ಆ ಒಂದಕ್ಕಾಗಿ ಸಂಬಳ ಸುರಿಯಬೇಡಿ. ಬಂಗಿರುವವರು ಮಾತ್ರ ಐರನ್ ಆಕ್ಸೈಡ್ ಇರುವ, ಸ್ವಲ್ಪ ಮೈಬಣ್ಣದ ಸನ್‌ಸ್ಕ್ರೀನ್ ಹುಡುಕಿ. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ತಡೆಯುವುದಿಲ್ಲ. ನಾನು ಮೊದಲು ತಂದದ್ದು ಬಿಳಿಯದು. ಎರಡು ಬೆರಳಿನಷ್ಟು ಹಚ್ಚಿಕೊಂಡು ಕೌಂಟರಿನಲ್ಲಿ ಕೂತೆ. ಪಿಂಚಣಿಗೆ ಬಂದ ಅಜ್ಜ ಪಾಸ್‌ಬುಕ್ ಚಾಚಿದವರು ಹಾಗೇ ನಿಂತು, "ಏನವ್ವಾ, ಈಬೂತಿ ಮುಖಕ್ಕೆಲ್ಲ ಬಳ್ಕಂಡಿದ್ದೀಯಲ್ಲ" ಎಂದರು.

ಹೊರಗೆ ಓಡಾಡುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆಗದಿದ್ದರೆ ಕೊಡೆ. ಕೊಡೆಗೆ ಎಕ್ಸ್‌ಪೈರಿ ಡೇಟಿಲ್ಲ.

ಹೆಚ್ಚುವರಿ ಬಿಡಿಭಾಗಗಳು

ಸೀರಮ್ಮುಗಳು. ಒಂದೇ ರಾತ್ರಿ ಐದನ್ನೂ ಹಚ್ಚಿದರೆ ಯಾವುದು ಕಚ್ಚಿತು ಎಂದು ತಿಳಿಯುವುದಿಲ್ಲ. ಬೇಕೇ ಬೇಕೆಂದರೆ ಮೂರು ಸಲಕರಣೆಗೆ ಮುಖ ಒಗ್ಗಿದ ಮೇಲೆ ಒಂದನ್ನು ತನ್ನಿ. ಮೊದಲು ಮುಂಗೈ ಒಳಭಾಗದಲ್ಲಿ ಕೆಲವು ದಿನ ಹಚ್ಚಿ ನೋಡಿ. ರೆಟಿನಾಲ್ ರಾತ್ರಿಗೆ ಮಾತ್ರ, ಬಸುರಿಯರಿಗೆ ಬೇಡವೇ ಬೇಡ.

ದೋಷ ಪತ್ತೆ

ಒಂದು ವಾರವಾದರೂ ವ್ಯತ್ಯಾಸ ಕಾಣುತ್ತಿಲ್ಲ: ಕಾಣುವುದಿಲ್ಲ. ಚರ್ಮದ ಮೇಲ್ಪದರ ಹೊಸದಾಗಲು ಸುಮಾರು 28 ದಿನ ಬೇಕು, ನನ್ನ ವಯಸ್ಸಿನವರಿಗೆ ಇನ್ನೂ ಜಾಸ್ತಿ. ಹಪ್ಪಳದ ಹಿಟ್ಟಿಗೂ ನೆನೆಯಲು ಹೊತ್ತು ಕೊಡುತ್ತೀರಿ, ಮುಖಕ್ಕೆ ಯಾಕೆ ಇಲ್ಲ?

ಮೊಡವೆ ಹಿಂಡಬೇಕೆನ್ನಿಸುತ್ತಿದೆ: ಬಟಾಣಿ ಬಿಡಿಸಿ.

ಬೆಳ್ಳಗಾಗಲಿಲ್ಲ: ಆ ಸೌಲಭ್ಯ ಈ ಮಾದರಿಯಲ್ಲಿಲ್ಲ. 1975ರಿಂದ ಫೇರ್ ಅಂಡ್ ಲವ್ಲಿ ಎಂದು ಮಾರಾಟವಾದ ಕ್ರೀಮೇ 2020ರಲ್ಲಿ ಹೆಸರಿನಿಂದ ಫೇರ್ ತೆಗೆದು ಗ್ಲೋ ಅಂಡ್ ಲವ್ಲಿ ಆಯಿತು. ನಮ್ಮ ಮನೆಯ ಹೆಣ್ಣು ನೋಡುವ ಶಾಸ್ತ್ರಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಷ್ಟು ಬರೆದು ಸೊಸೆಗೆ ಓದಿ ಹೇಳಿದೆ. "ಅತ್ತೆ, ಕತ್ತಿಗೂ ಹಚ್ಚಬೇಕು ಅಂತ ದಪ್ಪ ಅಕ್ಷರದಲ್ಲಿ ಹಾಕಿ" ಎಂದಳು. ಅಮ್ಮ ಅಷ್ಟೂ ಹೊತ್ತು ಕನ್ನಡಕ ಏರಿಸಿಕೊಂಡು ಮಾಯಿಶ್ಚರೈಸರ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದವಳು, "ಇದು ಹಿಮ್ಮಡಿ ಒಡಕಿಗೆ ಆಗತ್ತಾ?" ಎಂದು ಕೇಳಿದಳು. ಆಗತ್ತೆ ಅಜ್ಜಿ, ಚೆನ್ನಾಗೇ ಆಗತ್ತೆ, ಎಂದಳು ಸೊಸೆ.

ಡಬ್ಬಿ ಇನ್ನೂ ವಾಪಸ್ ಬಂದಿಲ್ಲ.