ಐದು ಪಾಯಿಂಟ್ ಒಂದು ಯಜಮಾನ್ರು

ಟಿ. ನರಸೀಪುರದಿಂದ ಕೊಳ್ಳೇಗಾಲದ ರಸ್ತೆ ಹಿಡಿದರೆ ಸಿಗುವ ಮೂಗೂರಿಗೆ ಎರಡು ಕೀರ್ತಿ. ಒಂದು ತ್ರಿಪುರಸುಂದರಿ ಅಮ್ಮನವರದು. ಇನ್ನೊಂದು ಮೈಸೂರು ಶೈಲಿಯ ಭರತನಾಟ್ಯದ್ದು. ಮೂಗೂರು ಸುಬ್ಬಣ್ಣ, ಮೂಗೂರು ಜೇಜಮ್ಮ ಎಂದು ಊರನ್ನೇ ಹೆಸರಿನ ಮುಂದಿಟ್ಟುಕೊಂಡು ಬಾಳಿದ ಕಲಾವಿದರ ಪರಂಪರೆ ಅದು. ಮೂರನೆಯ ಕೀರ್ತಿಪುರುಷರೂ ಇದ್ದಾರೆ, ಆದರೆ ಅವರು ಮೂಗೂರಿನ ಸ್ವಂತ ಸ್ವತ್ತಲ್ಲ. ನಂಜನಗೂಡಿನಲ್ಲೂ ಬನ್ನೂರಿನಲ್ಲೂ ತಲಕಾಡಿನಲ್ಲೂ ಬೀದಿಗೊಬ್ಬರಂತೆ ಸಿಗುತ್ತಾರೆ. ಪಡಸಾಲೆಯಲ್ಲಿ ಒಂದು ಡಿಸ್ಕ್ ಪ್ಲೇಯರು, ಐದು ಸ್ಪೀಕರು, ಒಂದು ವೂಫರು ಇಟ್ಟುಕೊಂಡು, ಪಹಣಿ ವಿಚಾರಿಸಲು ಬಂದವರನ್ನೂ ಹಸುವಿನ ಹಾಲಿಗೆ ಬಂದವರನ್ನೂ ‘ಕೂತ್ಕಳಿ, ಒಂದೇ ಒಂದ್ ಸೀನು ನೋಡ್ಕಂಡ್ ಹೋಗಿ’ ಎಂದು ಹಿಡಿದು ಕೂರಿಸುವವರು. ಇವರನ್ನು ಥೇಟ್ರಪ್ಪ ಎಂದು ಕರೆಯೋಣ. ಥೇಟ್ರಪ್ಪನವರಿಗೆ ಸಿನಿಮಾ ಹುಚ್ಚು ಎಂದು ಊರು ತೀರ್ಮಾನಿಸಿಬಿಟ್ಟಿದೆ. ನನ್ನ ತಕರಾರು ಇರುವುದು ಅಲ್ಲೇ. ಅವರಿಗೆ ಸಿನಿಮಾ ಹುಚ್ಚು ಕಿಂಚಿತ್ತೂ ಇಲ್ಲ. ಇರುವುದು ಪ್ರೇಕ್ಷಕರ ಹುಚ್ಚು.

ಮೊದಲ ಸಾಕ್ಷಿ ಎಂದರೆ, ಅವರು ಯಾವ ಚಿತ್ರವನ್ನೂ ಪೂರ್ತಿ ನೋಡಿರುವುದಿಲ್ಲ. ‘ಜುರಾಸಿಕ್ ಪಾರ್ಕ್’ ಅವರಿಗೆ ಮನೆದೇವರಿದ್ದಂತೆ. 1993ರಲ್ಲಿ ಬಂದ ಆ ಚಿತ್ರವೇ ಡಿಟಿಎಸ್ ಶಬ್ದವನ್ನು ಚಿತ್ರಮಂದಿರಕ್ಕೆ ತಂದದ್ದು ಎಂಬ ಪೀಠಿಕೆಯನ್ನು, ತಟ್ಟೆ ಪ್ಲೇಯರಿನ ಬಾಯೊಳಗೆ ಹೋಗುವಷ್ಟರಲ್ಲಿ ಹೇಳಿ ಮುಗಿಸಿರುತ್ತಾರೆ. ಆಮೇಲೆ ರಿಮೋಟಿನಿಂದ ಒಂದೇ ಜಾಗಕ್ಕೆ ನೆಗೆತ: ಮಳೆರಾತ್ರಿ, ಕೆಟ್ಟು ನಿಂತ ಕಾರು, ಲೋಟದಲ್ಲಿ ನೀರು. ದೂರದಲ್ಲೆಲ್ಲೋ ಡೈನೋಸಾರು ಹೆಜ್ಜೆ ಇಡುತ್ತದೆ, ಲೋಟದ ನೀರಿನಲ್ಲಿ ಉಂಗುರ ಏಳುತ್ತದೆ, ವೂಫರು ಗುಮ್ಮೆನ್ನುತ್ತದೆ, ನಿಮ್ಮ ಪಕ್ಕದ ಸ್ಟೂಲಿನ ಮೇಲಿರುವ ಕಾಫಿ ಲೋಟವೂ ಬಸಿಯಲ್ಲಿ ಗಿಲಿಗಿಲಿ ಎನ್ನುತ್ತದೆ. ‘ನೋಡುದ್ರಾ?’ ಎನ್ನುತ್ತಾರೆ ಯಜಮಾನ್ರು. ಚಿತ್ರ ಅಲ್ಲಿಗೆ ನಿಂತಿತು. ಆ ಪ್ರಾಣಿ ಬೇಲಿ ದಾಟಿತೋ ಇಲ್ಲವೋ, ಕಾರೊಳಗಿದ್ದ ಮಕ್ಕಳು ಬದುಕಿದವೋ ಸತ್ತವೋ, ಅವರಿಗೆ ಇವತ್ತಿಗೂ ಗೊತ್ತಿಲ್ಲ; ಗೊತ್ತಾಗಬೇಕೆಂಬ ತವಕವೂ ಇಲ್ಲ. ಎರಡನೆಯ ಸಾಕ್ಷಿ ಅವರು ನಿಲ್ಲುವ ಜಾಗ. ಮುಂದಿನ ಸ್ಪೀಕರುಗಳು ಕೂತವನ ಎದುರಿಗೆ ಎಡಬಲಕ್ಕೆ 30 ಡಿಗ್ರಿಯಲ್ಲಿರಬೇಕು, ಹಿಂದಿನವು ಕಿವಿಯಿಂದ ತುಸು ಹಿಂದಕ್ಕೆ 110 ಡಿಗ್ರಿಯ ಆಸುಪಾಸಿನಲ್ಲಿರಬೇಕು ಎಂಬುದು ಈ ವಿದ್ಯೆಯ ವಾಸ್ತುಶಾಸ್ತ್ರ. ಆ ಲೆಕ್ಕಕ್ಕೆ ಸರಿಯಾಗಿ ಶಬ್ದವೆಲ್ಲ ಹದವಾಗಿ ಬಂದು ಕೂಡುವುದು ಇಡೀ ಮನೆಯಲ್ಲಿ ಒಂದೇ ಕುರ್ಚಿಗೆ. ಟೇಪು ಹಿಡಿದು ಅಳೆದು ಹಾಕಿದ ಆ ಕುರ್ಚಿಯಲ್ಲಿ ಅವರು ಕೂರುವುದೇ ಇಲ್ಲ. ನಿಮ್ಮನ್ನು ಅಲ್ಲಿ ಕೂರಿಸಿ ತಾವು ಬಾಗಿಲ ಬಳಿ ರಿಮೋಟು ಹಿಡಿದು ನಿಲ್ಲುತ್ತಾರೆ. ಅಲ್ಲಿಗೆ ಡೈನೋಸಾರಿಗಿಂತ ಅಡುಗೆಮನೆಯ ಕುಕ್ಕರೇ ಜೋರಾಗಿ ಕೇಳಿಸುತ್ತದೆ. ಕೇಳಿಸಲಿ ಬಿಡಿ, ಅವರ ಕಣ್ಣಿರುವುದು ಟಿವಿಯ ಮೇಲಲ್ಲ, ನಿಮ್ಮ ಹುಬ್ಬಿನ ಮೇಲೆ. ಅದು ಎಷ್ಟು ಮೇಲೇರಿತು ಎಂಬುದೇ ಅವರ ಸಿನಿಮಾ.

ಈ ನಿಲುವನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಅದು ಟೆಂಟಿನ ಮಾಲೀಕನ ನಿಲುವು. ಈ ಸೀಮೆಯ ಹಳ್ಳಿಗಳಿಗೆ ಸಿನಿಮಾ ಬಂದದ್ದು ಬಹುಪಾಲು ಟೂರಿಂಗ್ ಟಾಕೀಸಿನ ಟೆಂಟಿನಲ್ಲಿ. ಸಂಜೆ ತಗಡಿನ ಹಾರನ್ನಿನಿಂದ ಘಂಟಸಾಲರ ‘ನಮೋ ವೆಂಕಟೇಶ’ ಹೊರಟಿತೆಂದರೆ ಗದ್ದೆಯಲ್ಲಿದ್ದವರ ಕೈಕಾಲು ಚುರುಕಾಗುತ್ತಿತ್ತು. ನೆಲ, ಬೆಂಚು, ಕುರ್ಚಿ ಎಂದು ಮೂರು ಕ್ಲಾಸು. ಪ್ರೊಜೆಕ್ಟರು ಒಂದೇ ಇದ್ದ ಕಡೆ ರೀಲು ಬದಲಿಸುವಾಗಲೆಲ್ಲ ಇಂಟರ್‌ವಲ್ಲು, ಕಡಲೆಕಾಯಿ. ಟೆಂಟು ಕಣ್ಮರೆಯಾಯಿತು, ಆದರೆ ಆ ಇಂಟರ್‌ವಲ್ಲು ವಿಸಿಡಿಯ ವೇಷ ಹಾಕಿಕೊಂಡು ಪಡಸಾಲೆಗೆ ಬಂತು. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದುದು ಸುಮಾರು 74 ನಿಮಿಷದ ಚಿತ್ರ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು ತಟ್ಟೆ ಸಾಲದೆ, ಉಳಿದ ಎರಡು ನಿಮಿಷದ ದೆಸೆಯಿಂದ ಮೂರನೆಯದು ಬೇಕಾಗುತ್ತಿತ್ತು. ನಾಯಕನ ಕತ್ತಿನ ಮೇಲೆ ಕತ್ತಿ ಇಟ್ಟ ಹೊತ್ತಿಗೇ ಪರದೆ ನೀಲಿಯಾಗುತ್ತಿತ್ತು. ಆಗ ನೋಡಬೇಕಿತ್ತು ಯಜಮಾನ್ರ ಗಾಂಭೀರ್ಯ. ‘ಯಾರೂ ಏಳ್ಬೇಡಿ, ಯಾರೂ ಮುಟ್ಬೇಡಿ’ ಎನ್ನುತ್ತ, ತಟ್ಟೆಯ ನಡುವಿನ ತೂತಿಗೆ ತೋರುಬೆರಳು ಕೊಟ್ಟು, ಅಂಚನ್ನು ಹೆಬ್ಬೆರಳಲ್ಲಿ ಹಿಡಿದು, ಬಾಯಿಂದ ಒಮ್ಮೆ ಊದಿ, ಪಂಚೆಯ ಚುಂಗಿನಲ್ಲಿ ಒಳಗಿನಿಂದ ಹೊರಕ್ಕೆ ಒರೆಸಿ, ಬೆಳಕಿಗೆ ಓರೆ ಹಿಡಿದು ನೋಡಿ, ಮಂಗಳಾರತಿ ತಟ್ಟೆಯಷ್ಟೇ ಮೆಲ್ಲಗೆ ಒಳಗಿಡುತ್ತಿದ್ದರು. 1996ರಲ್ಲಿ ಜಪಾನಿನಲ್ಲಿ ಶುರುವಾದ ಡಿವಿಡಿ 4.7 ಗಿಗಾಬೈಟಿನ ಒಂದೇ ತಟ್ಟೆಯಲ್ಲಿ ಇಡೀ ಚಿತ್ರ ತುಂಬಿಕೊಂಡು ಬಂದಾಗ ಅವರು ಹೊರಗೆ ಹೊಗಳಿದರೂ ಒಳಗೆ ನೊಂದಿರಬೇಕು. ನಡುವೆ ಎದ್ದು ಹೋಗಿ ಕಥೆಯನ್ನು ನಿಲ್ಲಿಸುವ ಅಧಿಕಾರ ಕೈತಪ್ಪಿತಲ್ಲ. 2007ರಲ್ಲಿ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರುಕಟ್ಟೆಗೆ ಬಿಟ್ಟಾಗ ಮಾತ್ರ ಸಮಾಧಾನವಾಯಿತು. ತಟ್ಟೆ ಬದಲಿಸುವ ಅಧಿಕಾರ ಹೋದರೂ ತಟ್ಟೆ ಪೇರಿಸುವ ಅಧಿಕಾರ ಸಿಕ್ಕಿತು.

ಶಬ್ದದ ವಿಷಯಕ್ಕೆ ಬಂದರೆ ನನ್ನ ವಾದಕ್ಕೆ ಇನ್ನೂ ಬಲ ಬರುತ್ತದೆ. ಸೋಮನಾಥಪುರದ ದೇವಾಲಯ ಇದೇ ನರಸೀಪುರ ತಾಲ್ಲೂಕಿನದು. ಹದಿಮೂರನೆಯ ಶತಮಾನದ ಆ ದೇವಾಲಯಕ್ಕೆ ಮೂರು ಗರ್ಭಗುಡಿ. ಥೇಟ್ರಪ್ಪನವರ ಪಡಸಾಲೆಗೆ ಐದು, ಮೇಲೊಂದು ಪರಿವಾರ ದೇವತೆ. ‘ಐದು ಪಾಯಿಂಟ್ ಒಂದು’ ಎಂಬ ಲೆಕ್ಕದ ಆ ಒಂದು ಎಂದರೆ ವೂಫರು. 120 ಹರ್ಟ್ಸಿನ ಕೆಳಗಿನ ಗುಡುಗು ಮಾತ್ರ ಅದರ ಪಾಲು. ಇಷ್ಟೆಲ್ಲ ಜೋಡಿಸಿಕೊಂಡು ಅವರು ವರ್ಷಗಟ್ಟಲೆ ಹಾಕಿದ್ದೇನು? ವಿಸಿಡಿ. ವಿಸಿಡಿಯಲ್ಲಿ ಇರುವುದೇ ಎಡ, ಬಲ ಎರಡು ಶಬ್ದ. ಮಿಕ್ಕ ಸ್ಪೀಕರುಗಳಿಗೆ ಯಂತ್ರವೇ ಅಷ್ಟಿಷ್ಟು ಕಲಸಿ ಹಂಚಬೇಕು, ನೆಂಟರು ಹೆಚ್ಚಾದಾಗ ಸಾರಿಗೆ ನೀರು ಬೆರೆಸುವಂತೆ. ಇನ್ನು ಅವರ ಕಪಾಟಿನ ಮೇಲಟ್ಟದಲ್ಲಿ ಮರ್ಯಾದೆಯಿಂದ ಕೂತಿರುವುದು ರಾಜ್‌ಕುಮಾರ್. 1972ರ ‘ಬಂಗಾರದ ಮನುಷ್ಯ’, 1977ರ ‘ಬಬ್ರುವಾಹನ’. ಅವೆಲ್ಲ ಒಂದೇ ಶಬ್ದಪಥದ ಕಾಲದವು, ಪರದೆಯ ಹಿಂದೆ ಒಂದು ಕಡೆಯಿಂದ ಬಂದರೆ ಸಾಕು ಎಂದು ಮಾಡಿದವು. ಬಬ್ರುವಾಹನನೂ ಅರ್ಜುನನೂ ಮಾತಿನಲ್ಲಿ ಜಟಾಪಟಿಗೆ ಇಳಿದರೆ ಹಿಂದಿನ ಎರಡು ಸ್ಪೀಕರು ಊಟಕ್ಕೆ ಕರೆಯದ ದಾಯಾದಿಗಳಂತೆ ಮೂಲೆಯಲ್ಲಿ ಮೌನ. ಆದರೂ ಬಂದವರು ಕುರ್ಚಿಯ ತುದಿಗೆ ಬರುತ್ತಾರೆ. ಶಬ್ದಕ್ಕಾಗಿ ಶಬ್ದವನ್ನು ಬಯಸುವವರಾಗಿದ್ದರೆ ಥೇಟ್ರಪ್ಪನವರು ಅವತ್ತೇ ಹಿಂದಿನ ಎರಡನ್ನು ಮಾರಿ ಒಂದು ಚೀಲ ಯೂರಿಯಾ ತರುತ್ತಿದ್ದರು. ಡಬ್ಬದ ಮೇಲೆ ಬರೆದ ಪಿಎಂಪಿಒ ವ್ಯಾಟುಗಳ ಮಾತಂತೂ ಕೇಳಲೇಬೇಡಿ. ಆ ಸಂಖ್ಯೆಗೆ ಒಪ್ಪಿತವಾದ ಅಳತೆಗೋಲೇ ಇಲ್ಲ; ನಿಜವಾದ ಬಲ ಆರ್‌ಎಂಎಸ್ ಎಂದು ಸಣ್ಣಕ್ಷರದಲ್ಲಿರುವುದು. ಪಿಎಂಪಿಒ ಎಂದರೆ ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಜಮೀನು, ಆರ್‌ಎಂಎಸ್ ಎಂದರೆ ಪಹಣಿಯಲ್ಲಿರುವ ಜಮೀನು. ಇದು ಅವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ನೆಂಟರಿಗೆ ಪಹಣಿ ಓದುವ ಯಜಮಾನ ಎಲ್ಲಿದ್ದಾನೆ?

ಹಾಗಾದರೆ ಇದು ಬರೀ ಡೌಲು ಎನ್ನುವವರು ಇದ್ದಾರೆ. ಸುಲಭದ ಮಾತು, ಪೂರ್ತಿ ಸುಳ್ಳೂ ಅಲ್ಲ. ಆದರೆ ಡೌಲಿಗೆ ಒಂದು ಲಕ್ಷಣವಿದೆ. ಅದು ಇತರರನ್ನು ದೂರ ನಿಲ್ಲಿಸುತ್ತದೆ. ಹೊಸ ಕಾರಿಗೆ ಕವರು ಹೊದಿಸುತ್ತಾರೆ, ಒಡವೆಯನ್ನು ಲಾಕರಿಗೆ ಹಾಕುತ್ತಾರೆ, ಮಹಡಿ ಮನೆಗೆ ಕಾಂಪೌಂಡು ಕಟ್ಟುತ್ತಾರೆ. ಥೇಟ್ರಪ್ಪನವರ ಸಾಮಾನು ಇದಕ್ಕೆ ತದ್ವಿರುದ್ಧ; ನಾಲ್ಕು ಜನ ಒಳಗೆ ಬಂದು ಕೂತ ಹೊರತು ಅದಕ್ಕೆ ಬೆಲೆಯೇ ಇಲ್ಲ. ನಮ್ಮ ದೇಶದ ಮಾರುಕಟ್ಟೆಗೆಂದು ಬರುತ್ತಿದ್ದ ಹೋಮ್ ಥಿಯೇಟರುಗಳ ಮುಖವನ್ನು ಒಮ್ಮೆ ನೋಡಿ. ಎಷ್ಟೋ ಸೆಟ್ಟುಗಳಲ್ಲಿ ಮೈಕು ಚುಚ್ಚುವ ತೂತು ಎರಡು, ಪಕ್ಕದಲ್ಲಿ ‘ಎಕೋ’ ಎಂಬ ತಿರುಪು. ಒಬ್ಬನೇ ಕೂತು ಸಿನಿಮಾ ಸವಿಯುವವನಿಗೆ ಮೈಕು ಯಾಕೆ ಬೇಕು? ತಯಾರಿಸಿದವರಿಗೆ ಥೇಟ್ರಪ್ಪನ ಜಾತಕ ಗೊತ್ತಿತ್ತು. ಗಣೇಶನ ಹಬ್ಬದ ಭಜನೆ, ನಾಮಕರಣದ ಹಾಡು, ‘ಊಟಕ್ಕೆ ಏಳಬೇಕು’ ಎಂಬ ಪ್ರಕಟಣೆ, ಎಲ್ಲವೂ ಎಕೋ ಸಮೇತ ಆ ತೂತಿನಿಂದಲೇ. ನಿಜವಾದ ಶ್ರವಣರಸಿಕರು ಬೇರೆ ಇದ್ದಾರೆ, ಹೆಚ್ಚಾಗಿ ಬೆಂಗಳೂರಿನಲ್ಲಿ. ಅವರು ಕೋಣೆಯ ಗೋಡೆಗೆ ಫೋಮು ಬಡಿಸಿ, ಕಿಟಕಿ ಮುಚ್ಚಿ, ಮಕ್ಕಳನ್ನು ಹೊರಗೆ ಹಾಕಿ, ಬ್ಲೂ-ರೇ ತಟ್ಟೆ ಸೆಕೆಂಡಿಗೆ 40 ಮೆಗಾಬಿಟ್‌ವರೆಗೆ ಚಿತ್ರ ಕೊಡುತ್ತದೆ ಎಂದು ಮೀಸೆಯಡಿ ನಗುತ್ತ ಒಬ್ಬರೇ ಕತ್ತಲಲ್ಲಿ ಕೂರುತ್ತಾರೆ. ಅವರನ್ನು ಗೌರವಿಸೋಣ. ಆದರೆ ಅವರ ಮನೆಗೆ ಹೋದರೆ ಕಾಫಿ ಸಿಗುವ ಖಾತರಿ ಇಲ್ಲ.

ನೆರೆಹೊರೆಯವರ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಲಾಗದು. 40 ಹರ್ಟ್ಸಿನ ಗುಡುಗಿನ ಒಂದು ಅಲೆಯ ಉದ್ದವೇ ಸುಮಾರು ಎಂಟೂವರೆ ಮೀಟರು. ಎಷ್ಟೋ ಪಡಸಾಲೆಗಳು ಅಷ್ಟು ಉದ್ದ ಇರುವುದಿಲ್ಲ. ಅಂಥ ಅಲೆಯನ್ನು ತಡೆಯುವುದು ಸಾಮಾನ್ಯ ಗೋಡೆಯ ಕೈಲಾಗದ ಕೆಲಸ. ಅದು ಸಲೀಸಾಗಿ ಪಕ್ಕದ ಮನೆಯ ಹೆಂಚು ಅಲ್ಲಾಡಿಸಿ, ಹಿಂದಿನ ಕೊಟ್ಟಿಗೆಯ ಎಮ್ಮೆಯನ್ನು ಎಬ್ಬಿಸಿ ಬರುತ್ತದೆ. ತೆಳ್ಳಗಿನ ಮಾತು ಮಾತ್ರ ಮನೆಯೊಳಗೇ ಉಳಿಯುತ್ತದೆ. ಹೀಗಾಗಿ ಪಕ್ಕದವರಿಗೆ ಸಿನಿಮಾದ ಹೊಡೆತವೆಲ್ಲ ಕೇಳಿಸುತ್ತದೆ, ಯಾರು ಯಾಕೆ ಹೊಡೆದರು ಎಂಬುದು ತಿಳಿಯುವುದಿಲ್ಲ. ಇದು ಅನ್ಯಾಯವೇ. ಥೇಟ್ರಪ್ಪನವರ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೆ: ಮಾರನೆಯ ದಿನ ಆ ಪಕ್ಕದವರು ‘ರಾತ್ರಿ ಏನ್ ಸ್ವಾಮಿ ಅದು’ ಎಂದು ಜಗಳಕ್ಕೆ ಬಂದರೆ, ಜಗಳವಾಡಲು ಬಿಡದೆ ಅವರನ್ನೂ ಅದೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಸ್ವಂತ ಮನೆಯವರ ಪಾಡು ಇನ್ನೊಂದು ಬಗೆಯದು. ಸಂಜೆ ಧಾರಾವಾಹಿಯ ಹೊತ್ತಿಗೆ ಐದೂ ಸ್ಪೀಕರು ಬಾಯಿ ಮುಚ್ಚಿರುತ್ತವೆ. ‘ಅಳುವುದಕ್ಕೆ ಡಾಲ್ಬಿ ಯಾಕೆ’ ಎಂದು ಯಜಮಾನ್ರ ತೀರ್ಪು. ಆ ಮನೆಯ ಹೆಂಗಸರು ವೂಫರಿನ ಮೇಲೆ ಕಸೂತಿ ಬಟ್ಟೆ ಹಾಸಿ, ಅದರ ಮೇಲೆ ಹೂದಾನಿ ಇಟ್ಟು, ಮೌನವಾಗಿ ಸೇಡು ತೀರಿಸಿಕೊಳ್ಳುತ್ತಾರೆ.

ಕೊನೆಯ ಆಕ್ಷೇಪಣೆ ಮೊಮ್ಮಕ್ಕಳದು. ಎಲ್ಲ ಸಿನಿಮಾನೂ ಫೋನಲ್ಲೇ ಇದೆಯಲ್ಲ ತಾತ, ಈ ತಟ್ಟೆಗಳು ಯಾಕೆ? ಲೋಕದ ಸಮಾಚಾರ ಮೊಮ್ಮಕ್ಕಳ ಪರವೇ ಇದೆ. 2008ರಲ್ಲಿ ತೋಶಿಬಾ ಎದುರಾಳಿ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು, ಬ್ಲೂ-ರೇ ಗೆದ್ದಿತು; ಗೆದ್ದದ್ದನ್ನು ಹಬ್ಬ ಮಾಡುವಷ್ಟರಲ್ಲಿ ಆಟದ ಬಯಲೇ ಖಾಲಿ. 28 ರೂಪಾಯಿಯ ಮೋಸರ್ ಬೇರ್ 2018ರಲ್ಲಿ ದಿವಾಳಿ ಕೋರ್ಟಿನ ಮುಂದೆ ಮುಗಿಯಿತು. ‘ಕೆಜಿಎಫ್’ ಬಂದದ್ದೂ ಅದೇ ವರ್ಷ, 2022ರಲ್ಲಿ ‘ಕಾಂತಾರ’. ಹಿಂದಿನ ಸ್ಪೀಕರುಗಳಿಗೆ ನಿಜವಾಗಿ ಕೆಲಸ ಕೊಡುವ ಕನ್ನಡ ಚಿತ್ರಗಳು ಕೊನೆಗೂ ಬಂದವು, ಬರುವ ಹೊತ್ತಿಗೆ ತಟ್ಟೆಯ ಅಂಗಡಿಗಳು ಮೊಬೈಲು ಕವರಿನ ಅಂಗಡಿಗಳಾಗಿದ್ದವು. ಆದರೂ ಮೊಮ್ಮಕ್ಕಳು ಮರೆತದ್ದೊಂದಿದೆ. ಫೋನಿನ ಸಿನಿಮಾವನ್ನು ಯಾರೂ ಎರವಲು ಕೇಳಿಕೊಂಡು ಮನೆಗೆ ಬರುವುದಿಲ್ಲ, ತಿಂಗಳು ಬಿಟ್ಟು ಗೀರು ಹಾಕಿ ತಂದುಕೊಟ್ಟು ಬೈಸಿಕೊಳ್ಳುವುದಿಲ್ಲ, ಆಯುಧಪೂಜೆಯ ದಿನ ಅದಕ್ಕೆ ಪ್ರತ್ಯೇಕ ಕುಂಕುಮವಿಲ್ಲ. ಥೇಟ್ರಪ್ಪನವರ ಮನೆಯಲ್ಲಿ ಟ್ರ್ಯಾಕ್ಟರಿಗೆ ಒಂದು ನಿಂಬೆಹಣ್ಣು, ಪಂಪ್‌ಸೆಟ್ಟಿಗೆ ಒಂದು, ಪ್ಲೇಯರಿಗೆ ಒಂದು. ಸ್ಪೀಕರುಗಳಿಗೆ ತಲಾ ಒಂದೊಂದು ವಿಭೂತಿ ಪಟ್ಟೆ. ಫೋನು ಒಬ್ಬೊಬ್ಬರನ್ನು ಒಂದೊಂದು ಕೋಣೆಗೆ ಕಳಿಸಿತು. ತೋರಿಸುವವನ ಕಸುಬನ್ನೇ ಅದು ಕಿತ್ತುಕೊಂಡಿತು, ಮತ್ತು ಆ ನಷ್ಟ ಮೆಗಾಬಿಟ್ಟಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಮೂಗೂರಿನಲ್ಲಿ ಇದನ್ನು ಹೇಳಿದರೆ ಅರ್ಥವಾಗಬೇಕು. ಮೈಸೂರು ಶೈಲಿಯ ಹಿರಿಮೆ ಇದ್ದದ್ದು ಅಭಿನಯದಲ್ಲಿ; ಕೆಲವೇ ಜನರ ಎದುರು, ಕಣ್ಣು ಹುಬ್ಬು ಕೈಗಳಲ್ಲೇ ಒಂದು ಪದವನ್ನು ಬಿಡಿಸಿ ತೋರಿಸುವ ವಿದ್ಯೆ. ರಸ ಹುಟ್ಟುವುದು ವೇದಿಕೆಯಲ್ಲಲ್ಲ, ನೋಡುವವನಲ್ಲಿ ಎಂದು ಲಾಕ್ಷಣಿಕರು ವಾದಿಸಿದ್ದರು. ಥೇಟ್ರಪ್ಪನವರು ಅಲಂಕಾರಶಾಸ್ತ್ರ ಓದಿದವರಲ್ಲ, ಆದರೆ ಬಾಗಿಲ ಬಳಿ ನಿಂತು ನಿಮ್ಮ ಮುಖದಲ್ಲಿ ಹುಡುಕುತ್ತಿರುವುದು ಅದನ್ನೇ. ಹಾಗಾಗಿ ಪುಷ್ಯಮಾಸದ ಅಮ್ಮನವರ ಜಾತ್ರೆಗೆ ಮೂಗೂರಿಗೆ ಹೋದಾಗ, ತೇರು ನೋಡಿ ಬರುವ ದಾರಿಯಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರು ‘ಒಂದೇ ಒಂದ್ ಸೀನು’ ಎಂದು ಕರೆದರೆ ಬಸ್ಸಿಗೆ ಹೊತ್ತಾಯಿತು ಎನ್ನಬೇಡಿ. ಒಳಗೆ ಹೋಗಿ, ತೋರಿಸಿದ ಕುರ್ಚಿಯಲ್ಲೇ ಕೂತುಕೊಳ್ಳಿ. ಲೋಟದ ನೀರು ಅಲುಗಿದಾಗ ಹುಬ್ಬು ಸ್ವಲ್ಪ ಮೇಲೇರಿಸಿ. ಕಾಫಿ ಬರುತ್ತದೆ, ಬಂದ ಲೋಟವನ್ನು ಮಾತ್ರ ದಯವಿಟ್ಟು ವೂಫರಿನ ಮೇಲೆ ಇಡಬೇಡಿ.